ಕಾಳಿನ ಖೋಲಿಯಲ್ಲಿ ಒಂದು ರಾಕ್ ಹಾಡು

ಫ್ಯಾನ್ ಆಫ್ ಮಾಡಿ ಹಾಡಬೇಕು. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಇದು ಸಣ್ಣ ಮಾತಲ್ಲ. ಕಿಟಕಿಗೆ ಎರಡು ಕೌದಿ ಕಟ್ಟಿ, ಬಾಗಿಲ ಸಂದಿಗೆ ಹಳೆಯ ಸೀರೆ ತುರುಕಿ, ಜೋಳದ ಚೀಲಗಳ ನಡುವೆ ಕೂತು ಒಂದೇ ಸಾಲನ್ನು 30 ಸಲ ಹಾಡಿದ್ದೇನೆ. ಬೆವರು ಗಿಟಾರಿನ ಮೇಲೆ ಬೀಳುತ್ತಿತ್ತು. ಹಾಡು ಇರುವುದು 3 ನಿಮಿಷ 40 ಸೆಕೆಂಡು. ಅದನ್ನು ಮುಗಿಸಲು ನನಗೆ 14 ತಿಂಗಳು ಬೇಕಾಯಿತು.

ಹಗಲು ನಾನು ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಮೂಲ ಊರು ತಾಳಿಕೋಟೆ ಕಡೆಯ ಒಂದು ಹಳ್ಳಿ, ಡೋಣಿ ಹೊಳೆಯ ದಂಡೆ. ಈಗ ಅಪ್ಪ, ಅವ್ವ, ನಾನು, ಆಯಿ ವಿಜಯಪುರದಲ್ಲಿದ್ದೇವೆ. ಆಯಿ ಅಂದರೆ ಅಜ್ಜಿ. ಹೊಲದ ಜೋಳ ಇಂದಿಗೂ ಮನೆಗೆ ಬರುತ್ತದೆ. ಅದಕ್ಕಾಗಿಯೇ ಹಿಂದೆ ಒಂದು ಸಣ್ಣ ಖೋಲಿ ಇದೆ. ಆ ಖೋಲಿಯೇ ನನ್ನ ಸ್ಟುಡಿಯೋ.

ಅಮೆರಿಕದ ರಾಕ್ ಹಾಡುಗಾರ ಕರ್ಟ್ ಕೋಬೇನ್ ನನಗೆ ಸಿಕ್ಕಿದ್ದು ಒಂದು ಹಾರ್ಡ್ ಡಿಸ್ಕಿನಲ್ಲಿ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ದೊಡ್ಡಮ್ಮನ ಮಗ ದೀಪಾವಳಿಗೆ ಬಂದಾಗ ತಂದಿದ್ದ. ನಾನಾಗ ಪಿಯುಸಿ. ಇಂಗ್ಲಿಷಿನ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೆ ಆ ದನಿ ತಿಳಿಯಿತು. ಮೊದಲು ಪಿಸುಮಾತಿನ ಹಾಗೆ ಮೆಲ್ಲಗೆ, ಆಮೇಲೆ ಒಮ್ಮೆಲೇ ಗಂಟಲು ಹರಿಯುವ ಹಾಗೆ ಕೂಗು. ಚೆಂದ ಹಾಡಬೇಕು ಅನ್ನುವ ಹಟ ಅದರಲ್ಲಿ ಇರಲಿಲ್ಲ. ಒಳಗಿದ್ದದ್ದು ಹೊರಗೆ ಬರಬೇಕು, ಅಷ್ಟೇ.

ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಹುಟ್ಟಿದ್ದು 1967ರ ಫೆಬ್ರವರಿ 20ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಅಬರ್ಡೀನ್‌ನಲ್ಲಿ. ಅದು ಮರ ಕಡಿದು ಬದುಕುವ ಊರು, ಮಳೆ ಜಾಸ್ತಿ. 9 ವರ್ಷದವನಿದ್ದಾಗ ತಂದೆ ತಾಯಿ ಬೇರೆಯಾದರು. 14ನೇ ಹುಟ್ಟುಹಬ್ಬಕ್ಕೆ ಸೈಕಲ್ ಬೇಕೋ ಗಿಟಾರ್ ಬೇಕೋ ಎಂದು ಸೋದರಮಾವ ಕೇಳಿದಾಗ ಗಿಟಾರ್ ಬೇಕು ಅಂದ. ನನ್ನ ಮನಸ್ಸು ನಿಂತದ್ದು ಇನ್ನೊಂದು ವಿಷಯದ ಮೇಲೆ. ಅವನ ಚಿಕ್ಕಮ್ಮ ಮಾರಿ ಹಾಡುಗಾರ್ತಿ. ಅವಳ ಮನೆಯಲ್ಲಿ ರೆಕಾರ್ಡ್ ಮಾಡುವ ಸಾಮಾನು ಇತ್ತು. ಹುಡುಗನಿದ್ದಾಗ ಅಲ್ಲಿಗೆ ಹೋಗಿ ತನ್ನ ಮೊದಲ ಟೇಪುಗಳನ್ನು ಮಾಡಿದ. ಅಂದರೆ ಶುರುವಾಗಿದ್ದು ನೆಂಟರ ಮನೆಯಲ್ಲಿ. ಇದನ್ನು ಓದಿದ ದಿನ ನನಗೆ ಎಷ್ಟೋ ಧೈರ್ಯ ಬಂತು.

ಗಿಟಾರ್ ತಂದದ್ದು ಸೊಲ್ಲಾಪುರದಿಂದ. ನಮ್ಮ ಕಡೆ ದೊಡ್ಡ ಖರೀದಿ ಅಂದರೆ ಸೊಲ್ಲಾಪುರವೇ, ಸುಮಾರು 100 ಕಿಲೋಮೀಟರ್. ಮೊದಲ ಪಗಾರದಲ್ಲಿ ತಗೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತ ಅಜ್ಜ ಒಬ್ಬರು ಕವರ್ ಮುಟ್ಟಿ ನೋಡಿ, 'ಬರ್ತೈತೇನ್ ತಂಗಿ ನಿನಗ?' ಅಂದರು. 'ಇನ್ನಾ ಕಲೀಬೇಕ್ರಿ ಮುತ್ಯಾ' ಅಂದೆ.

ಕಲಿಯುವಾಗ ಕೈಗೆ ಮೊದಲು ಹತ್ತಿದ್ದು ಪವರ್ ಕಾರ್ಡ್. ಕಾರ್ಡ್ ಅಂದರೆ ಕೆಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು. ರಾಕ್ ಸಂಗೀತದ ಬೆನ್ನೆಲುಬು ಅದೇ. ಅದರಲ್ಲಿ ಇರುವುದು ಎರಡೇ ಸ್ವರ, ಷಡ್ಜ ಮತ್ತು ಪಂಚಮ. ದಪ್ಪ ತಂತಿಯನ್ನು ಒಂದು ಸ್ವರ ಇಳಿಸಿದರೆ ಕೆಳಗಿನ ಮೂರು ತಂತಿ ಸ, ಪ, ಸ ಆಗುತ್ತವೆ. ಒಂದೇ ಬೆರಳು ಅಡ್ಡ ಇಟ್ಟರೆ ಸಾಕು, ಕಾರ್ಡ್ ಸಿದ್ಧ. ಡ್ರಾಪ್ ಡಿ ಅನ್ನುತ್ತಾರೆ ಇದಕ್ಕೆ. ಒಂದು ಸಂಜೆ ಹಾಗೆ ಶ್ರುತಿ ಮಾಡಿ ಸುಮ್ನೆ ಮೀಟುತ್ತಿದ್ದೆ. ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಆಯಿ ಆ ನಾದ ಹಿಡಿದು ಒಂದು ಪದ ಎತ್ತಿದಳು. ಬೀಸುಕಲ್ಲಿನ ಪದ. ನನ್ನ ಕೈ ತಾನಾಗಿಯೇ ನಡೆಯಿತು. ಎಲ್ಲೂ ಅಪಸ್ವರ ಬರಲಿಲ್ಲ.

ಕಾರಣ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಮಾಮೂಲಿ ಮೇಜರ್, ಮೈನರ್ ಕಾರ್ಡಿನಲ್ಲಿ ಗಾಂಧಾರ ಇರುತ್ತದೆ. ಶುದ್ಧ ಗಾಂಧಾರವೋ ಕೋಮಲವೋ ಎಂಬುದನ್ನು ಗಿಟಾರೇ ಹೇಳಿಬಿಡುತ್ತದೆ, ಹಾಡುವವರು ಅದರ ಹಿಂದೆ ಹೋಗಬೇಕು. ಪವರ್ ಕಾರ್ಡಿನಲ್ಲಿ ಗಾಂಧಾರವೇ ಇಲ್ಲ. ಆ ಜಾಗ ಖಾಲಿ. ಆಯಿ ಎಲ್ಲಿ ಬೇಕೋ ಅಲ್ಲಿ ಸ್ವರ ಜಾರಿಸಬಹುದು, ನಡುವೆ ನಿಲ್ಲಿಸಬಹುದು. ತಂಬೂರಿ ಮಾಡುವ ಕೆಲಸವೂ ಇದೇ ಅಲ್ವಾ? ಕೋಬೇನನ ಸಿಯಾಟಲ್ ಕಡೆಯ ಸದ್ದು ಮತ್ತು ಡೋಣಿ ದಂಡೆಯ ಸದ್ದು ಒಂದೇ ಹಾಸಿಗೆಯ ಮೇಲೆ ಮಲಗಬಲ್ಲವು ಅಂತ ನನಗೆ ಅವತ್ತು ಗೊತ್ತಾಯಿತು.

ಆದರೆ ಅದನ್ನು ನಂಬಿ ಕೆಲಸಕ್ಕೆ ಇಳಿಯುವ ಮೊದಲು ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ಹಾಡನ್ನು ರೇಡಿಯೋದಲ್ಲಿ ಬರುವಂಥ ನಯವಾದ ಕನ್ನಡದಲ್ಲಿ ಬರೆದೆ. ಮನೆಯಲ್ಲಿ ಯಾರೂ ಆಡದ ಮಾತು. 12 ಸಾವಿರ ಕೂಡಿಸಿಕೊಂಡು ಬೇರೆ ಊರಿನ ಒಂದು ಸ್ಟುಡಿಯೋಗೆ ಹೋದೆ. ಅಲ್ಲಿನವರು ಟ್ರ್ಯಾಕ್ ಮೊದಲೇ ಮಾಡಿಟ್ಟಿದ್ದರು, ನನ್ನ ಗಿಟಾರನ್ನು ಬಳಸಲೇ ಇಲ್ಲ. ಒಂದು ಕಡೆ ಬಾಯಿ ತಪ್ಪಿ 'ಹೋಗೂದು' ಅಂದಿದ್ದೆ. ಅದನ್ನು ತಿದ್ದಿ 'ಹೋಗುವುದು' ಅಂತ ಮತ್ತೆ ಹಾಡಿಸಿದರು. ದನಿ ಅಲುಗಾಡಿದ ಕಡೆಯೆಲ್ಲ ಆಟೋಟ್ಯೂನ್ ಹಾಕಿ ಸಪಾಟು ಮಾಡಿದರು. ಮನೆಗೆ ಬಂದು ಹಾಕಿದಾಗ ಅವ್ವ ಕೇಳಿದಳು, 'ಇದರಾಗ ನೀ ಎಲ್ಲಿದ್ದಿ?' ಆ ಹಾಡನ್ನು ನಾನು ಯಾರಿಗೂ ಕಳಿಸಲಿಲ್ಲ. ದುಡ್ಡು ಹೋದದ್ದಕ್ಕಿಂತ, ನನ್ನ ಮಾತನ್ನು ನಾನೇ ನಾಚಿಕೆಪಟ್ಟು ಬಿಟ್ಟುಕೊಟ್ಟೆನಲ್ಲ ಅನ್ನುವುದು ಜಾಸ್ತಿ ನೋಯಿಸಿತು.

ಅದೇ ದಿನಗಳಲ್ಲಿ ಇಬ್ರಾಹಿಂ ರೋಜಾಕ್ಕೆ ಆಗಾಗ ಹೋಗುತ್ತಿದ್ದೆ. ಕೆಲಸ ಮುಗಿದ ಮೇಲೆ ಅಲ್ಲಿ ಕೂತರೆ ಮನಸ್ಸು ತಣ್ಣಗಾಗುತ್ತದೆ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹ 1580ರಿಂದ 1627ರವರೆಗೆ ಆಳಿದ ಸುಲ್ತಾನ. ತಾನೇ ಹಾಡು ಕಟ್ಟಿದವನು. ಅವನ 'ಕಿತಾಬ್-ಎ-ನೌರಸ್' ಪೂರ್ತಿ ಹಾಡುಗಳ ಪುಸ್ತಕ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ, ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟಿದ್ದ. ದರ್ಬಾರಿನ ದೊಡ್ಡ ಭಾಷೆ ಫಾರಸಿ. ಆದರೆ ಹಾಡು ಬರೆದದ್ದು ದಖ್ಖನಿಯಲ್ಲಿ, ಈ ನೆಲದ ಮಾತಿನಲ್ಲಿ. ರಾಜನೇ ತನ್ನ ಬೀದಿಯ ಮಾತಿನಲ್ಲಿ ಹಾಡು ಕಟ್ಟಿದ ಊರಲ್ಲಿ ಕೂತು, ನಾನು 'ಹೋಗೂದು' ಅನ್ನಲು ಹೆದರಿದ್ದೆ.

ಹಾಗಾಗಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ತ್ರಿಪದಿ. ಆಯಿ ಹಾಡುವ ಧಾಟಿಯಲ್ಲೇ, ಆದರೆ ನನ್ನ ಮಾತು. ಬರಗಾಲದಲ್ಲಿ ಗುಳೆ ಹೋದ ತಾಯಿಯ ಬಗ್ಗೆ. ನಮ್ಮ ಓಣಿಯಲ್ಲಿ ಗೋವಾಕ್ಕೆ ದುಡಿಯಲು ಹೋದವರ ಮಕ್ಕಳ ಜೊತೆ ಆಡಿ ಬೆಳೆದವಳು ನಾನು.

ಡೋಣಿಯ ದಂಡ್ಯಾಗ ಧೂಳೆದ್ದು ನಿಂತೈತಿ
ತುಂಬೀದ ಕೊಡ ಬರಿದಾಗಿ, ಹಡೆದವ್ವ
ಕಣ್ಣಾಗ ಹೊಳಿಯೊ ಹರದೈತಿ

ಬರೆದದ್ದು ಒಂದೇ ರಾತ್ರಿಯಲ್ಲಿ. ಗಿಟಾರಿಗೆ ಕೂರಿಸಲು ಎರಡು ತಿಂಗಳು. ರಾಕ್ ಹಾಡಿನ ಗಿಟಾರ್ ಸುತ್ತು ನಾಲ್ಕರ ಲೆಕ್ಕದಲ್ಲಿ ತಿರುಗುತ್ತದೆ. ತ್ರಿಪದಿ ಮೂರು ಸಾಲು. ನಾಲ್ಕನೇ ಸುತ್ತು ಬಂದಾಗ ಬಾಯಿ ಖಾಲಿ. ಅಲ್ಲಿ ಗಿಟಾರ್ ತುಂಬಿದೆ, ಹೊಂದಲಿಲ್ಲ. ಸುಮ್ನೆ ಬಿಟ್ಟೆ, ಹಾಡು ಕುಂಟಿತು. ಒಂದು ಹೊಸ ಸಾಲು ಸೇರಿಸಿದೆ, ಅದು ತೇಪೆಯ ಹಾಗೆ ಕಂಡಿತು.

ಕೊನೆಗೆ ಆಯಿಯನ್ನೇ ಹಾಡಲು ಹೇಳಿ ಗಮನ ಇಟ್ಟು ಕೇಳಿದೆ. ಎಷ್ಟು ವರ್ಷ ಕೇಳಿದ್ದೆನೋ, ಆದರೆ ಎಣಿಸಿರಲಿಲ್ಲ. ಅವಳು ಮೊದಲ ಸಾಲು ಹಾಡಿದಳು. ಎರಡನೇ ಸಾಲು ಹಾಡಿದಳು. ಮೂರನೆಯದಕ್ಕೆ ಹೋಗುವ ಮೊದಲು ಎರಡನೆಯದನ್ನು ಮತ್ತೆ ಎತ್ತಿಕೊಂಡಳು. ಆಮೇಲೆ ಮೂರನೆಯದು. ಬರೆದರೆ ಮೂರು, ಹಾಡಿದರೆ ನಾಲ್ಕು! ಉತ್ತರ ಪಡಸಾಲೆಯಲ್ಲೇ ಇತ್ತು. ಆ ಮರಳಿ ಬರುವ ಸಾಲಿನಲ್ಲಿ 'ಹಡೆದವ್ವ' ಎರಡನೇ ಸಲ ಬರುತ್ತದೆ. ಮೊದಲ ಸಲ ಮೆಲ್ಲಗೆ, ಎರಡನೇ ಸಲ ಪೂರ್ತಿ ಗಂಟಲು ಬಿಟ್ಟು ಹಾಡಿದೆ. ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಶನ್ ಪೆಡಲನ್ನು ಅಲ್ಲೇ ಒತ್ತಿದೆ. ಹಾಡು ನಿಂತಿತು.

ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಮನೆ ಮನೆಗೆ ಹೋಗಿ ಬರೆದುಕೊಂಡು 'ಗರತಿಯ ಹಾಡು' ಎಂದು 1931ರಲ್ಲಿ ಪುಸ್ತಕ ಮಾಡಿದರು. ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಪುಸ್ತಕದಲ್ಲಿ ಮೂರೇ ಸಾಲು ಕಾಣುತ್ತವೆ. ಆ ನಾಲ್ಕನೆಯದು ಬಾಯಲ್ಲಿ ಮಾತ್ರ ಉಳಿದಿರುತ್ತದೆ. ಹಾಡುವವರ ಎದುರು ಕೂತು ಕೇಳಲೇಬೇಕು.

ಇನ್ನು ರೆಕಾರ್ಡಿಂಗ್. ಮೈಕ್, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ, ಎರಡು ಇನ್‌ಪುಟ್ ಇರುವ ಒಂದು ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಹಳೆಯ ಲ್ಯಾಪ್‌ಟಾಪ್. ಮೈಕ್ ಸೆಕೆಂಡ್ ಹ್ಯಾಂಡ್. ಈ ಮೈಕಿಗೆ 48 ವೋಲ್ಟ್ ಕರೆಂಟು ಇಂಟರ್‌ಫೇಸಿನಿಂದಲೇ ಹೋಗಬೇಕು. ಆ ಬಟನ್ ಒತ್ತದೆ ಇಡೀ ಒಂದು ಭಾನುವಾರ ಮೈಕ್ ಕೆಟ್ಟಿದೆ ಅಂದುಕೊಂಡು ಕೂತಿದ್ದೆ. ಹೆಡ್‌ಫೋನಿನಲ್ಲಿ ನನ್ನ ದನಿ ನನಗೇ ತಡವಾಗಿ ಕೇಳಿಸುತ್ತಿತ್ತು. ಸದ್ದನ್ನು ತುಸು ಹೊತ್ತು ಹಿಡಿದಿಡುವ ಸಾಫ್ಟ್‌ವೇರಿನ ಬಫರ್ 1024 ಸ್ಯಾಂಪಲ್‌ನಲ್ಲಿತ್ತು. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಅದೊಂದೇ ಸುಮಾರು 23 ಮಿಲಿಸೆಕೆಂಡ್ ತಡ. 128ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ದೊಡ್ಡ ಕಾಟ ಗುಂಯ್ ಅನ್ನುವ ಸದ್ದು. ಗಿಟಾರ್ ಸಿಕ್ಕಿಸಿದ ಕೂಡಲೇ ಒಂದೇ ಸಮನೆ ಗುಂಯ್. ತಂತಿ ಮುಟ್ಟಿದರೆ ಕಡಿಮೆ, ಕೈ ಬಿಟ್ಟರೆ ಜಾಸ್ತಿ. ಕೇಬಲ್ ಬದಲಿಸಿದೆ, ಹೋಗಲಿಲ್ಲ. ಓಣಿಯ ಎಲೆಕ್ಟ್ರಿಷಿಯನ್ ಕಾಕಾ ಬಂದು ನೋಡಿ, ನೇರ ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿ ತೋರಿಸಿದರು. ಬೇಸಿಗೆಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಸುರಿದರು. ಸಡಿಲಾಗಿದ್ದ ತಂತಿಯನ್ನು ಬಿಗಿ ಮಾಡಿದರು. ಸದ್ದು ಮುಕ್ಕಾಲು ಪಾಲು ಇಳಿಯಿತು. ಆಮೇಲೆ ರೆಕಾರ್ಡಿಂಗ್ ಇದ್ದ ದಿನವೆಲ್ಲ ನಾನು ಮೊದಲು ಮಾಡುವ ಕೆಲಸ ಆ ಗುಂಡಿಗೆ ಒಂದು ಕೊಡ ನೀರು ಹಾಕುವುದು. ಹೀಗೇ ಸದ್ದು ಬರುತ್ತಿದ್ದರೆ ನೀವೂ ಪೆಡಲು, ಕೇಬಲ್ಲಿಗೆ ದುಡ್ಡು ಹಾಕುವ ಮೊದಲು ಗೊತ್ತಿರುವ ಎಲೆಕ್ಟ್ರಿಷಿಯನ್ನಿಂದ ಅರ್ಥಿಂಗ್ ನೋಡಿಸಿ. ಅದು ಜೀವಕ್ಕೂ ಒಳ್ಳೆಯದು.

ಜೋಳದ ಚೀಲಗಳ ಉಪಕಾರ ದೊಡ್ಡದು. ಬರಿ ಗೋಡೆಯ ಖೋಲಿಯಲ್ಲಿ ದನಿ ಗೋಡೆಗೆ ಬಡಿದು ಡಬ್ಬಿಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ಕಾಳು ತುಂಬಿದ ಚೀಲ ದಪ್ಪ ಸದ್ದನ್ನು ನುಂಗುತ್ತದೆ, ಕೌದಿ ತೆಳು ಸದ್ದನ್ನು ನುಂಗುತ್ತದೆ. ಮೂಲೆಗಳಲ್ಲಿ ಎರಡೆರಡು ಚೀಲ ಪೇರಿಸಿದೆ. ಸುಗ್ಗಿಯ ನಂತರ ಚೀಲ ತುಂಬಿದ್ದಾಗ ಹಾಡಿದ್ದಕ್ಕೂ, ಮಳೆಗಾಲದ ಹೊತ್ತಿಗೆ ಅರ್ಧ ಖಾಲಿಯಾದ ಮೇಲೆ ಹಾಡಿದ್ದಕ್ಕೂ ಫರಕು ಕೇಳಿಸುತ್ತದೆ. ಹಾಗಾಗಿ ಎಲ್ಲ ಸಾಲುಗಳನ್ನು ಸುಗ್ಗಿ ಮುಗಿದ ಮೇಲೆ ಮತ್ತೆ ಹಾಡಿದೆ.

ಹೊರಗಿನ ಸದ್ದನ್ನು ಮಾತ್ರ ಯಾವ ಚೀಲವೂ ತಡೆಯಲಿಲ್ಲ. ಪಕ್ಕದ ಮನೆಯ ಕುಕ್ಕರ್, ಬೈಕು, ಟಾಂಗಾದ ಕುದುರೆಯ ಗೊರಸು. ನಮ್ಮ ಊರಿನಲ್ಲಿ ಟಾಂಗಾ ಇನ್ನೂ ಓಡುತ್ತವೆ. ಒಂದು ಒಳ್ಳೆಯ ಟೇಕಿನ ಕೊನೆಯಲ್ಲಿ ಟಕ್ ಟಕ್ ಎಂದು ಗೊರಸು ಬಿದ್ದು ಅದನ್ನು ಅಳಿಸಬೇಕಾಯಿತು. ಕೊನೆಗೆ ನಸುಕಿನ 4 ಗಂಟೆಗೆ ಏಳುವ ರೂಢಿ ಮಾಡಿಕೊಂಡೆ. ಆಗ ಮಾತ್ರ ಓಣಿ ಪೂರ್ತಿ ಸುಮ್ನೆ ಇರುತ್ತದೆ.

ಕೋಬೇನ್ ಇಲ್ಲಿಯೂ ನನಗೆ ದಾರಿ ತೋರಿಸಿದ. ಅವನ ನಿರ್ವಾಣ ತಂಡದ ಮೊದಲ ಆಲ್ಬಂ 1989ರಲ್ಲಿ ಬಂತು. ಅದರ ರೆಕಾರ್ಡಿಂಗ್ ಖರ್ಚು 606 ಡಾಲರ್ 17 ಸೆಂಟ್. ಎರಡನೆಯ ಆಲ್ಬಂ 1991ರ ಸೆಪ್ಟೆಂಬರಿನಲ್ಲಿ ಬಂದು, 1992ರ ಜನವರಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಕೊನೆಯ ಹಾಡಿನ ಕಥೆ ನನಗೆ ಬಾಯಿಪಾಠ. ಸ್ಟುಡಿಯೋ ಹಾಲಿನಲ್ಲಿ ಎಷ್ಟು ಸಲ ಮಾಡಿದರೂ ಸರಿಬರಲಿಲ್ಲ. ಕೋಬೇನ್ ಕಂಟ್ರೋಲ್ ರೂಮಿಗೆ ಬಂದು ಸೋಫಾದ ಮೇಲೆ ಮಲಗಿ, ಹೀಗಿರಬೇಕು ಅಂತ ಪಿಸುದನಿಯಲ್ಲಿ ಹಾಡಿ ತೋರಿಸಿದ. ಕೈಯಲ್ಲಿ ಐದೇ ತಂತಿಯ, ಶ್ರುತಿ ತಪ್ಪಿದ ಅಗ್ಗದ ಗಿಟಾರ್. ನಿರ್ಮಾಪಕ ಬುಚ್ ವಿಗ್ ಅಲ್ಲೇ ಮೈಕ್ ತರಿಸಿದರು. ಬಾಗಿಲು ಮುಚ್ಚಿ, ಫೋನ್ ಬಂದ್ ಮಾಡಿ, ಫ್ಯಾನ್ ನಿಲ್ಲಿಸಿ ಅಲ್ಲೇ ರೆಕಾರ್ಡ್ ಮಾಡಿದರು. ಇಷ್ಟು ದೊಡ್ಡ ಹಾಡುಗಾರನೂ ಫ್ಯಾನ್ ಆಫ್ ಮಾಡಿಸಿಯೇ ಹಾಡಿದ್ದ! ನಾನೂ ನಿಂತು ಹಾಡುವುದನ್ನು ಬಿಟ್ಟೆ. ಮೊದಲ ನುಡಿಯನ್ನು ಜೋಳದ ಚೀಲಕ್ಕೆ ಒರಗಿ, ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು ಹಾಡಿದೆ. ಎರಡನೇ ಟೇಕಿಗೇ ಆಯಿತು.

ಇನ್ನೊಂದು ಪಾಠವೂ ಅದೇ ಸ್ಟುಡಿಯೋದ್ದು. ಒಂದೇ ಸಾಲನ್ನು ಎರಡು ಸಲ ಹಾಡಿ ಒಂದರ ಮೇಲೊಂದು ಕೂಡಿಸಿದರೆ ದನಿ ತುಂಬಿಕೊಳ್ಳುತ್ತದೆ. ಕೋಬೇನನಿಗೆ ಇದು ಇಷ್ಟವಿರಲಿಲ್ಲ, ಮೋಸ ಅನಿಸುತ್ತಿತ್ತು. ಬೀಟಲ್ಸ್ ತಂಡದ ಜಾನ್ ಲೆನನ್ ಕೂಡ ಹೀಗೆ ಮಾಡುತ್ತಿದ್ದ ಎಂದು ಬುಚ್ ವಿಗ್ ಹೇಳಿದ ಮೇಲೆ ಒಪ್ಪಿದ. ನಾನು ಕೂಗುವ ಸಾಲುಗಳಲ್ಲಿ ಮಾತ್ರ ಹಾಗೆ ಮಾಡಿದೆ. ನನ್ನ ಎರಡು ದನಿ ಕೂಡಿದಾಗ ಇಬ್ಬರು ಹೆಂಗಸರು ಎದುರುಬದುರು ಕೂತು ಬೀಸುತ್ತಾ ಹಾಡಿದ ಹಾಗೆ ಕೇಳಿತು.

ಎಷ್ಟು ಎಕೋ ಹಾಕಬೇಕು ಅನ್ನುವುದನ್ನು ಗೋಳಗುಮ್ಮಟದಲ್ಲಿ ಕಲಿತೆ. ಅದರ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಮೇಲಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳಕ್ಕೂ ಹೆಚ್ಚು ಸಲ ಮರಳಿ ಬರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಜನ ಬರುವ ಮೊದಲು ನನ್ನ ಸಾಲನ್ನು ಮೆಲ್ಲಗೆ ಅಂದುಕೊಂಡೆ. ಸ್ವರ ಉಳಿಯಿತು, ಮಾತು ಕಲಸಿಹೋಯಿತು. 'ಕೊಡ ಬರಿದಾಗಿ' ಅನ್ನುವುದು ಬರೀ ಒಂದು ಹೂಂಕಾರವಾಗಿ ತಿರುಗಿತು. ಮನೆಗೆ ಬಂದು ರಿವರ್ಬನ್ನು, ಅಂದರೆ ಆ ಎಕೋವನ್ನು, ಕಾಲು ಭಾಗಕ್ಕೆ ಇಳಿಸಿದೆ. ಕೊನೆಯ 'ಹಡೆದವ್ವ' ಒಂದಕ್ಕೆ ಮಾತ್ರ ಪೂರ್ತಿ ಬಿಟ್ಟೆ. ಅಲ್ಲಿ ಮಾತು ಹೋದರೂ ಪರವಾಗಿಲ್ಲ, ಕರೆ ಉಳಿಯಬೇಕು.

ಆ ಕೂಗಿನ ಸಾಲು ಹಾಡುತ್ತಿದ್ದ ನಸುಕಿನಲ್ಲೇ ಆಯಿ ಖೋಲಿಯ ಬಾಗಿಲು ತಳ್ಳಿದಳು.

'ಯಾಕ್ ಮಗಳ, ಇಷ್ಟು ಒದರಾಕತ್ತಿ? ಏನರ ತ್ರಾಸ ಐತೇನ?'

'ಇಲ್ಲ ಆಯಿ. ಹಾಡ ಹಂಗೈತಿ.'

ಅವಳು ಚೀಲದ ಮೇಲೆ ಕೂತಳು. ಹೆಡ್‌ಫೋನ್ ಕಿವಿಗೆ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಡಿಸ್ಟಾರ್ಶನ್ ಬಂದಾಗ ಮುಖ ಕಿವುಚುತ್ತಾಳೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ.

'ಇದ ಬೀಸುಕಲ್ಲಿನ ಸಪ್ಪಳ ಅಲ್ಲೇನ?' ಅಂದಳು. 'ನಾವೂ ಇದ ಹೊತ್ತಿಗಿ ಏಳ್ತಿದ್ವಿ. ಕಲ್ಲು ತಿರಗೂ ಮುಂದ ಏನ್ ಹಾಡಿದ್ರೂ ಹೊರಗ ಕೇಳ್ತಿದ್ದಿಲ್ಲ. ಅತ್ತಿ ಮ್ಯಾಲಿನ ಸಿಟ್ಟು, ತವರಿನ ನೆನಪು, ಎಲ್ಲಾ ಅದರಾಗ ಒದರೂದು. ಕಲ್ಲು ನಿಂತ್ರ ನಾವೂ ಸುಮ್ಮ.'

ನಾನು 10 ವರ್ಷದಿಂದ ಹುಡುಕುತ್ತಿದ್ದ ಮಾತು ಇದು. ಗಿಟಾರಿನ ಆ ಒರಟು ಸದ್ದು ಯಾಕೆ ಬೇಕು ಅಂತ ಎಷ್ಟೋ ಜನ ಕೇಳಿದ್ದರು, ನನಗೆ ಹೇಳಲು ಬಂದಿರಲಿಲ್ಲ. ಅದು ದನಿಯನ್ನು ಮುಚ್ಚುತ್ತದೆ. ಮುಚ್ಚಿದ್ದಕ್ಕೇ ಒಳಗಿನವಳು ಹೆದರದೆ ಹಾಡುತ್ತಾಳೆ.

ಕೋಬೇನ್ 1994ರ ಏಪ್ರಿಲ್ 5ರಂದು ತನ್ನ ಜೀವ ತಾನೇ ಕಳೆದುಕೊಂಡ. ವಯಸ್ಸು 27. ಹೆರಾಯಿನ್ ಚಟ, ವರ್ಷಗಟ್ಟಲೆ ಹೊಟ್ಟೆನೋವು, ಮನಸ್ಸಿನ ಕತ್ತಲು ಎಲ್ಲವೂ ಇತ್ತು. ಆ ಸಾವನ್ನು ಟೀಶರ್ಟಿನ ಮೇಲೆ ಹೊತ್ತು ಮೆರೆಸುವುದು ನನಗೆ ಒಪ್ಪಿಗೆಯಿಲ್ಲ. ಒಳ್ಳೆಯ ಹಾಡಿಗೆ ಜೀವ ಸುಡಬೇಕು ಅನ್ನುವ ಮಾತೂ ಸುಳ್ಳು. ನನ್ನ ಆಯಿ ಅಷ್ಟೆಲ್ಲ ಒದರಿ ಹಾಡಿ, ಹಿಟ್ಟು ಬೀಸಿ, ರೊಟ್ಟಿ ಬಡಿದು, ಈಗಲೂ ಗಟ್ಟಿಯಾಗಿದ್ದಾಳೆ. ಓದುವವರಲ್ಲಿ ಯಾರಿಗಾದರೂ ಅಂಥ ಕತ್ತಲು ಕವಿದಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು.

ಹಾಡು ಬಿಡುಗಡೆ ಮಾಡುವ ಕೆಲಸ ಬೇಗ ಮುಗಿಯಿತು. ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವ ಒಂದು ಸೇವೆಗೆ ಫೈಲ್ ಮತ್ತು ಚಿತ್ರ ಕೊಟ್ಟರೆ, ರೆಕಾರ್ಡಿಂಗಿನ ಗುರುತಿಗೆ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಕೇತ ಸಿಗುತ್ತದೆ. ಭಾಷೆ: ಕನ್ನಡ. ಪ್ರಕಾರ: ಆಲ್ಟರ್ನೇಟಿವ್. ಕೈ ತಡೆದದ್ದು ಸಂಗೀತ ಯಾರದು ಅನ್ನುವ ಕಡೆ. ಸಾಹಿತ್ಯ ನನ್ನದು. ಧಾಟಿ ನನ್ನದಲ್ಲ, ಆಯಿಯದೂ ಅಲ್ಲ, ಅವಳ ಅವ್ವ ಹಾಡಿದ್ದು, ಅದಕ್ಕೂ ಹಿಂದಿನದು. 'ಜನಪದ ಧಾಟಿ, ಗಿಟಾರ್ ಮತ್ತು ಜೋಡಣೆ ನನ್ನದು' ಎಂದು ಬರೆದೆ. ಜನರ ಧಾಟಿಯನ್ನು ಪೂರ್ತಿ ತಮ್ಮ ಹೆಸರಿಗೆ ಬರೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಗೆಯೇ ನಿಮ್ಮ ಸ್ವಂತ ಸಾಹಿತ್ಯದ ಹಕ್ಕನ್ನೂ ಬಿಡಬೇಡಿ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಹಾಡು ಬರೆದವರಿಗೂ ಸ್ವರ ಕಟ್ಟಿದವರಿಗೂ ರಾಯಲ್ಟಿಯ ಪಾಲು ಕೊಟ್ಟಿದೆ. ಯಾರಾದರೂ ಕಾಗದ ಚಾಚಿದರೆ ಪೂರ್ತಿ ಓದಿ ಸಹಿ ಹಾಕಿ.

ಮೊದಲ ತಿಂಗಳು 212 ಸಲ ಪ್ಲೇ ಆಯಿತು. ಓದಿದ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಒಮ್ಮೆ ಹಾಡಿದೆ. ಎರಡನೇ 'ಹಡೆದವ್ವ'ಗೆ ಹಿಂದಿನ ಸಾಲಿನ ಹುಡುಗಿಯರು ತಾವಾಗಿಯೇ ದನಿ ಕೂಡಿಸಿದರು. ಆ ಸಾಲು ಮರಳಿ ಬರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅವರ ಮನೆಯಲ್ಲೂ ಒಬ್ಬೊಬ್ಬ ಆಯಿ ಇರಬೇಕು.

ಹೋದ ವಾರ ನಸುಕಿನಲ್ಲಿ ಆಯಿಯೇ ಬಂದು ನನ್ನನ್ನು ಎಬ್ಬಿಸಿದಳು. 'ಇನ್ನೊಂದ ಪದ ನೆನಪಾಗೇತಿ. ಮರೆಯೂದ್ರಾಗ ಹಿಡಕೋ' ಅಂದಳು. ಖೋಲಿಗೆ ಹೋದೆವು. ಕೌದಿ ಇಳಿಬಿಟ್ಟೆ. ಮೈಕನ್ನು ಅವಳ ಮುಖದ ಮಟ್ಟಕ್ಕೆ ತಗ್ಗಿಸಿದೆ. ಫ್ಯಾನ್ ಆಫ್ ಮಾಡಿದೆ. ಅಷ್ಟರಲ್ಲಿ ಸ್ಟೇಷನ್ ಕಡೆಗೆ ಹೊರಟ ಟಾಂಗಾ ಒಂದು ಓಣಿಗೆ ಬಂತು. ಆಯಿ ಬಾಯಿ ತೆರೆದವಳು ನನ್ನ ಕೈ ನೋಡಿ ತಡೆದಳು. ಗೊರಸಿನ ಸದ್ದು ದೂರ ಹೋಗುವವರೆಗೆ ಇಬ್ಬರೂ ಚೀಲದ ಮೇಲೆ ಸುಮ್ನೆ ಕೂತೆವು.